ಒಲೆ ಹೊತ್ತಿಸುವವರು ಬೇಕಾಗಿದ್ದಾರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಕೊಂಡು ನೋಡು ಎಂದು ಹೇಳಲಿಲ್ಲ. ಇರುವ ಒಂದು ಮನೆ ಸಾಲದೆ ಎರಡನೆಯದನ್ನು ಕೊಳ್ಳುವುದು, ಅದನ್ನೂ ಕಡಲಾಚೆಯ ಯಾವುದೋ ದೇಶದ ಹಳ್ಳಿಮೂಲೆಯಲ್ಲಿ ಕೊಳ್ಳುವುದು ಅವರ ಊಹೆಗೂ ನಿಲುಕದ ಸಂಗತಿಯಾಗಿತ್ತು. ಈಗ ಅದು ಅಪರೂಪವೇನಲ್ಲ. ಇಂಗ್ಲೆಂಡಿನವರು ಫ್ರಾನ್ಸಿನ ಹಳ್ಳಿಗಳಲ್ಲಿ, ಜರ್ಮನ್ನರು ಸ್ವೀಡನ್ನಿನ ಕಾಡಂಚಿನಲ್ಲಿ ಬಿಡುವಿನ ದಿನಗಳಿಗೆಂದು ಮನೆ ಕೊಳ್ಳುವುದು ದಶಕಗಳಿಂದ ನಡೆದಿದೆ. ಇಟಲಿಯ ಕೆಲವು ಊರುಗಳು ಪಾಳುಬಿದ್ದ ಮನೆಗಳನ್ನು ಒಂದೇ ಒಂದು ಯೂರೋಗೆ ಕೊಡುತ್ತೇವೆ, ಬಂದು ದುರಸ್ತಿ ಮಾಡಿಕೊಳ್ಳಿ ಎಂದು ಸಾರಿವೆ. ಜಪಾನಿನ ಬೆಟ್ಟದ ಹಳ್ಳಿಗಳಲ್ಲಂತೂ ಹಳೆಯ ಕಾರಿನ ಬೆಲೆಗೆ ಅಂಗಳ, ಹಿತ್ತಲು ಸಮೇತ ಮನೆ ಸಿಗುವುದುಂಟು.

ಇಷ್ಟು ಅಗ್ಗವಾಗಿ ಸಿಗುವ ವಸ್ತುವಿನಲ್ಲಿ ಏನೋ ಕೊರತೆ ಇರಲೇಬೇಕು ಎನ್ನುವುದು ಸಂತೆಯಲ್ಲಿ ಬದನೆಕಾಯಿ ಆರಿಸುವ ಗೃಹಿಣಿಗೂ ಗೊತ್ತು. ಕಂಬ ಗಟ್ಟಿಯಾಗಿದೆ, ತೊಲೆ ಭದ್ರವಾಗಿದೆ, ಕಿಟಕಿ ತೆರೆದರೆ ಎದುರಿಗೇ ಬೆಟ್ಟಸಾಲು ಇದೆ. ಹಾಗಾದರೆ ಅಲ್ಲಿ ಇಲ್ಲದ್ದು ಯಾವುದು? ಇದಕ್ಕೆ ಉತ್ತರ ಬೇಕಾದರೆ ಜಪಾನಿನ ಒಂದು ಹುಲ್ಲುಮಾಡಿನ ಮನೆಯ ಕಥೆ ಕೇಳಬೇಕು. ಅದನ್ನು ಕೊಂಡವನು ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ.

ಕಣಿವೆಗೆ ಬಂದ ಹುಡುಗ

ಅಲೆಕ್ಸ್ ಕೆರ್ ಹುಟ್ಟಿದ್ದು 1952ರಲ್ಲಿ, ಅಮೆರಿಕದಲ್ಲಿ. ತಂದೆ ನೌಕಾಪಡೆಯ ಅಧಿಕಾರಿ. ಅವರೊಂದಿಗೆ 1964ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ ಜಪಾನಿನ ಯೋಕೊಹಾಮಾ ಬಂದರಿಗೆ ಬಂದ ಹುಡುಗ ಎರಡು ವರ್ಷ ಅಲ್ಲಿದ್ದ. ಅಪ್ಪನ ವರ್ಗಾವಣೆಗಳಿಂದ ಊರೂರು ತಿರುಗುವ ಮಕ್ಕಳಿಗೆ ಯಾವುದೋ ಒಂದು ಊರು ಮಾತ್ರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಈ ಹುಡುಗನಿಗೆ ಉಳಿದದ್ದು ಜಪಾನಿನ ಹಳೆಯ ಮನೆಗಳು. ಮುಂದೆ ಯೇಲ್ ವಿಶ್ವವಿದ್ಯಾಲಯ ಸೇರಿದಾಗ ಜಪಾನ್ ಅಧ್ಯಯನವನ್ನೇ ಆರಿಸಿಕೊಂಡ. 1971ರ ಬೇಸಿಗೆ ರಜೆಯಲ್ಲಿ ದಾರಿಯಲ್ಲಿ ಹೋಗುವ ವಾಹನಗಳಿಗೆ ಕೈಯೊಡ್ಡಿ ಸವಾರಿ ಕೇಳುತ್ತಾ ಇಡೀ ದೇಶ ಸುತ್ತಿದ. ಹಾಗೆ ಸುತ್ತುತ್ತಾ ತಲುಪಿದ್ದು ಶಿಕೊಕು ದ್ವೀಪದ ನಡುವಿನ ಇಯಾ ಕಣಿವೆಯನ್ನು.

ಇಯಾ ಕಣಿವೆ ತೊಕುಶಿಮಾ ಪ್ರಾಂತ್ಯದಲ್ಲಿದೆ. ಹತ್ತಿರದ ತ್ಸುರುಗಿ ಪರ್ವತದ ಎತ್ತರ 1955 ಮೀಟರ್. ಕಣಿವೆಯ ತಳದಲ್ಲಿ ನದಿ ಇದ್ದರೂ ಊರುಗಳು ನದಿಯ ದಡದಲ್ಲಿಲ್ಲ. ಎತ್ತರದ ಇಳಿಜಾರಿನಲ್ಲಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಂತೆ ಒಂದೊಂದೇ ಮನೆಗಳಿವೆ. 1185ರ ಯುದ್ಧದಲ್ಲಿ ಸೋತ ಹೈಕೆ ವಂಶದ ಯೋಧರು ಇಲ್ಲಿ ಬಂದು ಅಡಗಿದರೆಂದು ಸ್ಥಳೀಯರು ಹೇಳಿಕೊಂಡು ಬಂದಿದ್ದಾರೆ. ನದಿ ದಾಟಲು ಕಾಡುಬಳ್ಳಿ ಹೆಣೆದು ಮಾಡಿದ ತೂಗುಸೇತುವೆಗಳಿದ್ದವು. ಅವುಗಳಲ್ಲಿ ಹೆಸರಾದದ್ದು ಸುಮಾರು 45 ಮೀಟರ್ ಉದ್ದದ್ದು. ಅದರ ಬಳ್ಳಿಗಳನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಹೆಣೆಯುತ್ತಾರೆ. ಮೂರು ವರ್ಷ ಯಾರೂ ಕೈಹಾಕದೆ ಬಿಟ್ಟರೆ ಸೇತುವೆ ಸೇತುವೆಯಾಗಿ ಉಳಿಯುವುದಿಲ್ಲ. ಈ ಮಾತು ಸೇತುವೆಗೆ ಮಾತ್ರವಲ್ಲ, ಆ ಕಣಿವೆಯ ಎಲ್ಲದಕ್ಕೂ ಸಲ್ಲುತ್ತದೆ.

ಅಲ್ಲಿ ಗದ್ದೆಗೆ ಸಮತಟ್ಟು ನೆಲವಿಲ್ಲ. ಇಳಿಜಾರಿನ ಹೊಲದಲ್ಲೇ ತ್ರಿಕೋನ ಕಾಳಿನ 'ಸೋಬಾ', ಆಲೂಗೆಡ್ಡೆ, ಕಿರುಧಾನ್ಯ ಬೆಳೆಯುತ್ತಾರೆ. ಮಣ್ಣು ಮಳೆಗೆ ಜಾರಿಹೋಗದಂತೆ ಬೆಟ್ಟದ ಉದ್ದನೆಯ ಹುಲ್ಲನ್ನು ಕೊಯ್ದು ಹೊಲಕ್ಕೆ ಹೊದಿಸುತ್ತಾರೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. ಆ ಕಿರುಧಾನ್ಯಗಳಲ್ಲಿ ಒಂದನ್ನು ಜಪಾನೀಯರು 'ಶಿಕೊಕು-ಬಿಯೆ' ಎನ್ನುತ್ತಾರೆ. ತೆನೆ ನೋಡಿದರೆ ಮಂಡ್ಯದ ರೈತನಿಗೆ ಪರಿಚಯ ಹೇಳಬೇಕಾಗಿಲ್ಲ. ಬೆರಳು ಮಡಚಿದಂಥ ಅದೇ ತೆನೆ, ಅದೇ ಕೆಂಗಂದು ಕಾಳು. ಅದು ರಾಗಿ.

ಹೊಗೆಯ ಉಪಕಾರ

1972ರಲ್ಲಿ ಕೆರ್ ಟೋಕಿಯೋದ ಕೇಯೊ ವಿಶ್ವವಿದ್ಯಾಲಯಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಬಂದ. ಪಾಠಕ್ಕಿಂತ ಕಣಿವೆಯ ಸೆಳೆತವೇ ಹೆಚ್ಚಾಯಿತು. ಬಿಡುವಾದಾಗಲೆಲ್ಲ ಇಯಾಕ್ಕೆ ಹೋಗಿ, ಬಾಗಿಲು ಮುಚ್ಚಿದ ಮನೆಗಳನ್ನು ಒಂದೊಂದಾಗಿ ನೋಡಿದ. ಹತ್ತಾರು ಮನೆ ನೋಡಿದ ಮೇಲೆ 1973ರಲ್ಲಿ ತ್ಸುರುಯಿ ಎಂಬ ಪುಟ್ಟ ಕೇರಿಯಲ್ಲಿ ಒಂದು ಮನೆ ಮನಸ್ಸಿಗೆ ಹಿಡಿಸಿತು. ಸುಮಾರು ಮುನ್ನೂರು ವರ್ಷ ಹಳೆಯದು. ದಪ್ಪನೆಯ ಹುಲ್ಲುಮಾಡು, ಕರಿಯ ಹಲಗೆಯ ನೆಲ. ಬೆಲೆ ಸುಮಾರು 3 ಲಕ್ಷ 80 ಸಾವಿರ ಯೆನ್. ಅಂದಿನ ಲೆಕ್ಕದಲ್ಲೂ ಅದು ದೊಡ್ಡ ಮೊತ್ತವಲ್ಲ. ಆದರೆ ವಿದ್ಯಾರ್ಥಿಯ ಕೈಯಲ್ಲಿ ಅಷ್ಟೂ ಇರಲಿಲ್ಲ, ಸಾಲ ಮಾಡಬೇಕಾಯಿತು. ಮನೆಗೆ ಅವನು ಇಟ್ಟ ಹೆಸರು 'ಚೀಯೋರಿ'. 'ಚಿ' ಎಂದರೆ ಬಿದಿರ ಕೊಳಲು, 'ಇಓರಿ' ಎಂದರೆ ಹುಲ್ಲಿನ ಕುಟೀರ.

ಹೆಸರಿಟ್ಟಷ್ಟು ಸುಲಭವಾಗಿ ಮನೆ ಕೈಗೆ ಬರಲಿಲ್ಲ. ವರ್ಷಗಟ್ಟಲೆ ಯಾರೂ ವಾಸವಿಲ್ಲದ ಮನೆ. ಒಳಗೆ ಮಸಿ, ದೂಳು, ಬಿಟ್ಟುಹೋದವರ ಪಾತ್ರೆಪಗಡ. ಗುಡಿಸಿದಷ್ಟೂ ಮಸಿ ಉದುರುತ್ತಿತ್ತು. ಮಾಡು ಸೋರುತ್ತಿತ್ತು. ಇಲ್ಲಿ ಸ್ವಲ್ಪ ವಿಜ್ಞಾನದ ಮಾತು ಅಗತ್ಯ. ಏಕೆಂದರೆ ಆ ಮನೆ ಮುನ್ನೂರು ವರ್ಷ ನಿಂತದ್ದು ಹೇಗೆ ಎಂಬುದು ತಿಳಿದರೆ, ಬೀಳತೊಡಗಿದ್ದು ಏಕೆ ಎಂಬುದೂ ತಿಳಿಯುತ್ತದೆ.

ಹುಲ್ಲಿನ ಮಾಡು ನೀರನ್ನು ತಡೆಯುವುದು ಹಂಚಿನಂತೆ ಅಲ್ಲ. ಪ್ರತಿಯೊಂದು ಹುಲ್ಲುಕಡ್ಡಿಯೂ ಇಳಿಜಾರಾಗಿ ಮಲಗಿರುತ್ತದೆ. ಬಿದ್ದ ಹನಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಜಾರುತ್ತಾ, ಒಳಕ್ಕೆ ಇಳಿಯುವ ಮೊದಲೇ ಅಂಚಿಗೆ ಬಂದು ಕೆಳಗೆ ಬೀಳುತ್ತದೆ. ಒದ್ದೆಯಾಗುವುದು ಮೇಲಿನ ಪದರ ಮಾತ್ರ. ಮಾಡು ಕಡಿದಾಗಿರಬೇಕು ಎನ್ನುವುದು ಅದಕ್ಕೇ. ಆದರೆ ಮೇಲಿನ ಪದರ ಒಣಗದೆ ಹಾಗೆಯೇ ಉಳಿದರೆ ಕೊಳೆಯತೊಡಗುತ್ತದೆ. ಜಪಾನಿನಲ್ಲಿ ಜೂನ್ ಜುಲೈ ತಿಂಗಳು ಬಿಡದೆ ಸುರಿಯುವ ಮಳೆಗಾಲ, ಅದರ ಬೆನ್ನಿಗೇ ಚಂಡಮಾರುತಗಳ ಕಾಲ. ಮರದಲ್ಲಿ ತೇವಾಂಶ ಶೇಕಡಾ 20ನ್ನು ಮೀರಿ ಉಳಿಯಿತೆಂದರೆ ಕೊಳೆಸುವ ಶಿಲೀಂಧ್ರಗಳಿಗೆ ಬಾಗಿಲು ತೆರೆದಂತೆ. ಹಾಗಾದರೆ ಮುನ್ನೂರು ಮಳೆಗಾಲ ಆ ಮಾಡನ್ನು ಒಣಗಿಸಿದವರು ಯಾರು?

ಒಣಗಿಸಿದ್ದು ನೆಲದ ಮಧ್ಯೆ ಚೌಕಾಕಾರವಾಗಿ ತೋಡಿದ ಅಗ್ಗಿಷ್ಟಿಕೆ. ಜಪಾನೀ ಭಾಷೆಯಲ್ಲಿ ಅದಕ್ಕೆ 'ಇರೋರಿ' ಎಂದು ಹೆಸರು. ಅಡುಗೆಗೆ, ಚಹಾಕ್ಕೆ, ಚಳಿ ಕಾಯಿಸಲು ಅದೊಂದೇ ಬೆಂಕಿ. ಹೊಗೆ ಹೋಗಲು ಚಿಮಣಿ ಇಲ್ಲ. ಇಯಾದ ಮನೆಗಳಿಗೆ ಒಳಮಾಳಿಗೆಯೂ ಇರಲಿಲ್ಲ. ಮೇಲೆ ಹೊಗೆಸೊಪ್ಪು ತೂಗುಹಾಕಿ ಒಣಗಿಸುತ್ತಿದ್ದರು. ಬಿಸಿಗಾಳಿ ಹಗುರವಾದ್ದರಿಂದ ಹೊಗೆಯನ್ನು ಹೊತ್ತು ನೇರ ಮೇಲೇರುತ್ತದೆ, ಹುಲ್ಲಿನ ಸಂದುಗಳಲ್ಲಿ ನುಸುಳಿ ಹೊರಹೋಗುತ್ತದೆ. ಹೋಗುವಾಗ ಎರಡು ಕೆಲಸ ಮಾಡುತ್ತದೆ. ಒಂದು, ಹುಲ್ಲಿನ ತೇವವನ್ನು ಹೀರಿ ಒಣಗಿಸುವುದು. ಇನ್ನೊಂದು, ಕಟ್ಟಿಗೆಯ ಹೊಗೆಯಲ್ಲಿರುವ ಟಾರ್ ಮತ್ತು ಫೀನಾಲ್ ಜಾತಿಯ ವಸ್ತುಗಳನ್ನು ಹುಲ್ಲಿಗೂ ತೊಲೆಗೂ ಲೇಪಿಸುವುದು. ಈ ಲೇಪ ಹುಳುಗಳಿಗೆ ಹಿಡಿಸದು, ಶಿಲೀಂಧ್ರಕ್ಕೂ ಆಗದು. ಮನೆಯ ತೊಲೆಗಳು ಎಣ್ಣೆ ಹಚ್ಚಿದಂತೆ ಮಿರಮಿರನೆ ಕಪ್ಪಾಗಿದ್ದುದು ಹೀಗೆ. ಹಾಗೆಂದು ಹೊಗೆ ಒಳ್ಳೆಯದೆಂದು ಯಾರೂ ತಿಳಿಯಬೇಕಿಲ್ಲ. ಮಾಡನ್ನು ಕಾಯುವ ಹೊಗೆ ಒಲೆಯ ಮುಂದೆ ಕೂತವಳ ಕಣ್ಣನ್ನೂ ಶ್ವಾಸಕೋಶವನ್ನೂ ಸುಡುತ್ತದೆ. ಹಳೆಯ ಮನೆಗಳ ಚೆಲುವಿನ ಬೆಲೆಯನ್ನು ತೆತ್ತವರು ಬಹುಮಟ್ಟಿಗೆ ಹೆಂಗಸರೇ.

ಹೀಗೆ ದಿನವೂ ಒಲೆ ಉರಿದ ಮನೆ ತಲೆಮಾರುಗಳ ಕಾಲ ನಿಂತಿತು. ಒಲೆ ಆರಿದ ಮನೆ ಕೆಲವೇ ವರ್ಷಗಳಲ್ಲಿ ಮೆತ್ತಗಾಗತೊಡಗಿತು. ಮನೆಯನ್ನು ಜನ ಸವೆಸುತ್ತಾರೆ, ಬೀಗ ಹಾಕಿಟ್ಟರೆ ಹಾಗೇ ಇರುತ್ತದೆ ಎಂಬುದು ಪೇಟೆಯವರ ಲೆಕ್ಕ. ಇಲ್ಲಿ ಲೆಕ್ಕ ತಿರುವುಮುರುವು.

ಹೋದವಳ ದಿನಚರಿ

ಮನೆಯ ಹಳೆಯ ಸಾಮಾನುಗಳ ನಡುವೆ ಕೆರ್‌ಗೆ ಒಂದು ದಿನಚರಿ ಸಿಕ್ಕಿತು. ಬರೆದವಳು ಆ ಮನೆಯಲ್ಲಿ ಬೆಳೆದ ಹುಡುಗಿ. ಬಡತನ, ಮನೆಯೊಳಗಿನ ಕತ್ತಲು, ಪಟ್ಟಣವನ್ನು ನೋಡಬೇಕೆಂಬ ಆಸೆ, ಇವೆಲ್ಲ ಅದರಲ್ಲಿದ್ದವು. ದಿನಚರಿ ಒಂದು ಕಡೆ ಥಟ್ಟನೆ ನಿಂತುಹೋಗಿತ್ತು. ಹದಿನೆಂಟರ ವಯಸ್ಸಿನಲ್ಲಿ ಅವಳು ಮನೆ ಬಿಟ್ಟು ಹೋಗಿದ್ದಳು. ಈ ಸಂಗತಿಯನ್ನು ಕೆರ್ ಮುಂದೆ ಜಪಾನೀ ಭಾಷೆಯಲ್ಲೇ ಬರೆದು 1993ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೆನೆದಿದ್ದಾರೆ. ಮರುವರ್ಷ ಆ ಪುಸ್ತಕಕ್ಕೆ ಜಪಾನಿನ ಪ್ರತಿಷ್ಠಿತ ಶಿಂಚೊ ಗಕುಗೆಯ್ ಪ್ರಶಸ್ತಿ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಕತ್ತಲೆಂದು ಅವಳು ಬಿಟ್ಟುಹೋದ ಆ ಮನೆಯೊಳಗೇ ಅವನಿಗೆ ಸೊಬಗು ಕಂಡಿತು. ಹೊಗೆ ತುಂಬಿದ ಕೋಣೆಯಲ್ಲಿ ಅವಳು ಪಟ್ಟಣದ ಕನಸು ಕಂಡಳು. ಪಟ್ಟಣಗಳಲ್ಲಿ ಬೆಳೆದ ಅವನು ಆ ಕೋಣೆಯ ಕನಸು ಕಂಡ. ಒಂದೇ ದಾರಿಯಲ್ಲಿ ಒಬ್ಬಳು ಇಳಿದುಹೋದಳು, ಇನ್ನೊಬ್ಬ ಏರಿಬಂದ. ಇವರಲ್ಲಿ ಯಾರದು ತಪ್ಪು? ಇಬ್ಬರದೂ ಅಲ್ಲ. ಆದರೆ ಅವಳು ಹೋಗಿರದಿದ್ದರೆ ಅವನಿಗೆ ಆ ಬೆಲೆಗೆ ಮನೆ ಸಿಗುತ್ತಿರಲಿಲ್ಲ. ಅಗ್ಗದ ಮನೆ ಕೊಳ್ಳಲು ಹೊರಟವರು ಮರೆಯಬಾರದ ಸಂಗತಿ ಇದು. ಬೆಲೆ ಇಳಿದಿರುವುದು ಯಾರೋ ಹೋದುದರಿಂದ.

ಹೋದವಳು ಅವಳೊಬ್ಬಳೇ ಅಲ್ಲ. ಎರಡನೆಯ ಮಹಾಯುದ್ಧದ ಬಳಿಕ ಜಪಾನಿನ ಕಾರ್ಖಾನೆಗಳಿಗೆ ಕೈಗಳು ಬೇಕಾದವು. 1954ರಿಂದ 1975ರವರೆಗೆ, ಹಳ್ಳಿಗಳಲ್ಲಿ ಶಾಲೆ ಮುಗಿಸಿದ ಮಕ್ಕಳನ್ನು ಗುಂಪುಗುಂಪಾಗಿ ಪಟ್ಟಣದ ಕೆಲಸಕ್ಕೆ ಕರೆದೊಯ್ಯಲು ವಿಶೇಷ ರೈಲುಗಳೇ ಓಡಿದವು. ಅವರಲ್ಲಿ ಬಹುಮಂದಿಗೆ ಹದಿನೈದು ವರ್ಷ. ಒಂಬತ್ತನೆಯ ತರಗತಿ ಮುಗಿಸಿದವರು. ಅಂಥವರನ್ನು ಪತ್ರಿಕೆಗಳು 'ಚಿನ್ನದ ಮೊಟ್ಟೆ'ಗಳೆಂದು ಕರೆದವು. ನಿಲ್ದಾಣದಲ್ಲಿ ತಾಯಂದಿರು ಕಣ್ಣೊರೆಸಿಕೊಂಡು ಕೈಬೀಸಿದರು. ಮಕ್ಕಳು ಹಣ ಕಳಿಸಿದರು, ಹಬ್ಬಕ್ಕೆ ಬಂದುಹೋದರು, ಆಮೇಲೆ ಅಲ್ಲಿಯೇ ಸಂಸಾರ ಹೂಡಿದರು. ಇನ್ನೊಂದು ಕಡೆ, 1964ರಲ್ಲಿ ಮರದ ಆಮದಿಗೆ ಪೂರ್ತಿ ಅವಕಾಶವಾದ ಮೇಲೆ ಹೊರದೇಶದ ಅಗ್ಗದ ಮರ ಬಂದು, ಬೆಟ್ಟದ ಊರುಗಳ ಕಾಡಿನ ಆದಾಯವೂ ಕುಸಿಯಿತು. ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದ ಊರು ಆ ಕೆಲಸದಲ್ಲಿ ಗೆದ್ದಿತು, ಗೆದ್ದದ್ದರಿಂದಲೇ ಖಾಲಿಯಾಯಿತು.

ಮಾಡು ಹೊದಿಸಲು ಎಷ್ಟು ಜನ?

ಕೆರ್‌ಗೆ ಮನೆ ಸಿಕ್ಕಿತು. ಆದರೆ ಮಾಡಿಗೆ ಹುಲ್ಲು ಬೇಕಲ್ಲ? ಒಂದು ಮಾಡಿಗೆ ಬೇಕಾದ ಉದ್ದನೆಯ 'ಸುಸುಕಿ' ಹುಲ್ಲು ಒಬ್ಬನ ಹಿತ್ತಲಿನಲ್ಲಿ ಬೆಳೆಯುವಂಥದ್ದಲ್ಲ. ಹಿಂದೆ ಜಪಾನಿನ ಹಳ್ಳಿಗಳಲ್ಲಿ ಹುಲ್ಲಿಗೆಂದೇ ಮೀಸಲಾದ ಸಾಮೂಹಿಕ ಬೋಳುಗುಡ್ಡಗಳಿದ್ದವು. ಚಳಿಗಾಲದ ಮೊದಲು ಊರವರೆಲ್ಲ ಸೇರಿ ಹುಲ್ಲು ಕೊಯ್ದು, ಈ ವರ್ಷ ಒಬ್ಬರ ಮಾಡು, ಬರುವ ವರ್ಷ ಇನ್ನೊಬ್ಬರದು ಎಂದು ಸರದಿಯಂತೆ ಹೊದಿಸುತ್ತಿದ್ದರು. ಇಂಥ ಪರಸ್ಪರ ದುಡಿಮೆಗೆ 'ಯುಯಿ' ಎಂದು ಹೆಸರು. ಕನ್ನಡ ನಾಡಿನ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಹಣವಿಲ್ಲ, ಲೆಕ್ಕ ಮಾತ್ರ ಉಂಟು. ಆ ಲೆಕ್ಕ ಬರೆದಿಟ್ಟ ಪುಸ್ತಕ ಜನರ ಮನಸ್ಸು.

ಜನ ಹೋದ ಮೇಲೆ ಈ ಲೆಕ್ಕ ಮುರಿಯಿತು. ಹುಲ್ಲುಗುಡ್ಡದಲ್ಲಿ ಕಾಡು ಬೆಳೆಯಿತು, ಮಾಡು ಹೊದಿಸಬಲ್ಲ ಕುಶಲಿಗಳು ವಿರಳವಾದರು, ಇದ್ದ ಮನೆಗಳಿಗೆ ತಗಡು ಬಂತು. ಅಗ್ಗದ ಮನೆಯಲ್ಲಿ ಇಲ್ಲದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಇದೇ. ಕಂಬ, ತೊಲೆ, ನೆಲ ಎಲ್ಲ ಕ್ರಯಪತ್ರದಲ್ಲಿ ಬರುತ್ತವೆ. ಅವನ್ನು ನಿಲ್ಲಿಸಿದ್ದ ನೆರೆಹೊರೆ ಅದರಲ್ಲಿ ಬರುವುದಿಲ್ಲ. ಅದನ್ನು ಹಣ ಕೊಟ್ಟು ಕೊಳ್ಳಲಾಗದು, ವರ್ಷಗಳನ್ನು ಕೊಡಬೇಕು. ಕೆರ್ ಕೊಟ್ಟದ್ದು ಅದನ್ನೇ. ಕೆಳಗಿನ ಮನೆಗಳ ನೆರೆಯವರು ಕೆಲಸ ಹೇಳಿಕೊಟ್ಟರು, ಕೈಜೋಡಿಸಿದರು. ಅವರೊಂದಿಗೆ ಹುಲ್ಲು ಹೊತ್ತು, ಕುಳಿತು ಚಹಾ ಕುಡಿದು, ಸ್ಥಳೀಯ ಮಾತಿನ ಧಾಟಿಯನ್ನೂ ಕಲಿತು ಅವನು ಊರಿನವನಾಗಬೇಕಾಯಿತು. 1977ರಿಂದ ಕ್ಯೋಟೊ ನಗರದ ಬಳಿಯ ಕಮೆಯೊಕಾದಲ್ಲಿ ಅವರ ವಾಸ. ಇಯಾದ್ದು ಎರಡನೆಯ ಮನೆ. ಆದರೂ ಕಣಿವೆಯ ಹಾದಿಯನ್ನು ಅವರು ಬಿಡಲಿಲ್ಲ.

ತೊಂಬತ್ತು ಲಕ್ಷ ಬೀಗಗಳು

ಒಂದು ಕೇರಿಯ ಕಥೆ ಇಂದು ಇಡೀ ದೇಶದ ಕಥೆಯಾಗಿದೆ. ಜಪಾನಿನ ಜನಸಂಖ್ಯೆ 2008ರಲ್ಲಿ ಸುಮಾರು 12 ಕೋಟಿ 80 ಲಕ್ಷಕ್ಕೆ ಏರಿ, ಅಲ್ಲಿಂದ ಇಳಿಯುತ್ತಾ ಬಂತು. ಅಲ್ಲಿನ ಸರಕಾರ 2023ರಲ್ಲಿ ನಡೆಸಿದ ವಸತಿ ಸಮೀಕ್ಷೆಯಂತೆ ಖಾಲಿ ಮನೆಗಳು ಸುಮಾರು 90 ಲಕ್ಷ. ಎಂದರೆ ನೂರಕ್ಕೆ ಹದಿಮೂರು ಹದಿನಾಲ್ಕು ಮನೆಗಳಲ್ಲಿ ದೀಪವಿಲ್ಲ. ಇಂಥ ಮನೆಗೆ 'ಅಕಿಯಾ' ಎಂದು ಹೆಸರು. ಇವನ್ನು ಕೊಳ್ಳುವವರಿಗೆ ತೋರಿಸಲು ಊರಿನ ಆಡಳಿತಗಳೇ 'ಅಕಿಯಾ ಬ್ಯಾಂಕು'ಗಳನ್ನು ನಡೆಸುತ್ತವೆ.

ಯಾರೂ ಇಲ್ಲದ ಮನೆಯನ್ನು ಕೆಡವಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ತೆರಿಗೆಯ ಕಾರಣವಿದೆ. ಮನೆಯಿರುವ ಸಣ್ಣ ನಿವೇಶನಕ್ಕೆ ಆಸ್ತಿ ತೆರಿಗೆ ಲೆಕ್ಕ ಹಾಕುವಾಗ ಬೆಲೆಯ ಆರನೆಯ ಒಂದು ಪಾಲನ್ನು ಮಾತ್ರ ಹಿಡಿಯುತ್ತಾರೆ. ಮನೆ ಕೆಡವಿದರೆ ಆ ರಿಯಾಯಿತಿ ಹೋಯಿತು. ಹಾಗಾಗಿ ಮುರುಕಲು ಮನೆಯನ್ನು ಹಾಗೆಯೇ ಬಿಡುವುದೇ ಲಾಭ. 2015ರಲ್ಲಿ ಜಾರಿಗೆ ಬಂದ ಕಾನೂನು, ಅಪಾಯಕಾರಿಯೆನಿಸಿದ ಖಾಲಿ ಮನೆಗಳಿಗೆ ಈ ರಿಯಾಯಿತಿ ಕಡಿತಗೊಳ್ಳುವಂತೆ ಮಾಡಿತು. 2023ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಲಾಯಿತು. ಅಜ್ಜ ಸತ್ತರೂ ಆಸ್ತಿ ಅಜ್ಜನ ಹೆಸರಿನಲ್ಲೇ ಉಳಿಯುವ ಪಾಡು ಅಲ್ಲಿಯೂ ಇತ್ತು. 2024ರ ಏಪ್ರಿಲ್‌ನಿಂದ ಉತ್ತರಾಧಿಕಾರಿಗಳು ಮೂರು ವರ್ಷದೊಳಗೆ ಹೆಸರು ನೋಂದಾಯಿಸುವುದು ಕಡ್ಡಾಯವಾಯಿತು.

ಪರದೇಶದವರೂ ಜಪಾನಿನಲ್ಲಿ ನೆಲ, ಮನೆ ಕೊಳ್ಳಬಹುದು. ಆದರೆ ಮನೆ ಕೊಂಡ ಮಾತ್ರಕ್ಕೆ ಅಲ್ಲಿ ವಾಸಿಸಲು ವೀಸಾ ದೊರೆಯದು. ಮನೆಯೊಂದಿಗೆ ಹೊಲವಿದ್ದರೆ ಸ್ಥಳೀಯ ಕೃಷಿ ಸಮಿತಿಯ ಒಪ್ಪಿಗೆ ಬೇಕು. ವರ್ಷವರ್ಷವೂ ತೆರಿಗೆ ಕಟ್ಟಬೇಕು. ತೆರಿಗೆ ಲೆಕ್ಕದಲ್ಲಿ ಮರದ ಮನೆಯ ಆಯಸ್ಸು ಬರೇ 22 ವರ್ಷ. ಆಮೇಲೆ ನೆಲಕ್ಕಷ್ಟೇ ಬೆಲೆ. ಎಲ್ಲಕ್ಕಿಂತ ಮುಖ್ಯವಾದದ್ದು ಭೂಕಂಪದ ಪ್ರಶ್ನೆ. 1981ರಲ್ಲಿ ಕಟ್ಟಡ ನಿಯಮಗಳು ಬಿಗಿಯಾದವು. ಅದಕ್ಕಿಂತ ಹಿಂದಿನ ಮನೆಯಾದರೆ ಬಲಪಡಿಸುವ ಖರ್ಚು ಮನೆಯ ಬೆಲೆಯನ್ನೇ ಮೀರಬಹುದು. 2024ರ ಜನವರಿ 1ರಂದು ನೋಟೊ ಪರ್ಯಾಯದ್ವೀಪ ನಡುಗಿದಾಗ ಕುಸಿದವುಗಳಲ್ಲಿ ಹಳೆಯ ಮರದ ಮನೆಗಳೇ ಬಹಳ. ಭಾರತದಲ್ಲಿ ನೆಲೆಸಿದವರು ಹೊರದೇಶದಲ್ಲಿ ಆಸ್ತಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಉದಾರ ಹಣ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ತಲಾ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹಣ ಕಳಿಸುವ ದಾರಿ ಇದೆ. ಆದರೆ ವರ್ಷಕ್ಕೆ ಹತ್ತು ದಿನ ಹೋಗಿ ಬಾಗಿಲು ತೆರೆಯುವವರ ಮನೆಯ ಮಾಡನ್ನು ಉಳಿದ ಮುನ್ನೂರ ಐವತ್ತೈದು ದಿನ ಒಣಗಿಸುವವರು ಯಾರು?

ಪ್ರಶ್ನೆ ಕೇಳದ ತರಗತಿ

ಇಯಾ ಕಣಿವೆಯ ಮೇಲ್ತುದಿಯಲ್ಲಿ ನಗೋರೊ ಎಂಬ ಊರಿದೆ. ಒಸಾಕಾ ನಗರದಲ್ಲಿ ಬಹುಕಾಲ ಇದ್ದ ಅಯಾನೊ ತ್ಸುಕಿಮಿ ಎಂಬಾಕೆ ವೃದ್ಧ ತಂದೆಯನ್ನು ನೋಡಿಕೊಳ್ಳಲು ಅಲ್ಲಿಗೆ ಮರಳಿದರು. ಹೊಲದಲ್ಲಿ ಬಿತ್ತಿದ ಬೀಜವನ್ನು ಹಕ್ಕಿಗಳು ಕೆದಕಿ ತಿನ್ನುತ್ತಿದ್ದವು. ಆಕೆ ಒಂದು ಬೆರ್ಚಪ್ಪ ಮಾಡಿ ನಿಲ್ಲಿಸಿದರು. ಮುಖ ತಂದೆಯದನ್ನೇ ಹೋಲುತ್ತಿತ್ತು. ದಾರಿಯಲ್ಲಿ ಹೋಗುವವರು ಅದನ್ನು ಮಾತಾಡಿಸತೊಡಗಿದರು. ಆಮೇಲೆ ಊರಿನಲ್ಲಿ ತೀರಿಕೊಂಡವರ, ಊರು ಬಿಟ್ಟುಹೋದವರ ರೂಪದಲ್ಲಿ ಗೊಂಬೆಗಳು ಒಂದೊಂದಾಗಿ ಹುಟ್ಟಿದವು. ಬಸ್ಸಿಗೆ ಕಾಯುವ ಗೊಂಬೆ, ಮೀನು ಹಿಡಿಯುವ ಗೊಂಬೆ, ಜಗಲಿಯಲ್ಲಿ ಕೂತು ಹರಟುವ ಗೊಂಬೆ. ಊರಿನ ಜನ ಮೂವತ್ತಕ್ಕೂ ಕಡಿಮೆಯಾದಾಗ ಗೊಂಬೆಗಳು ಅದರ ಎಷ್ಟೋ ಪಟ್ಟು ಆಗಿದ್ದವು.

ಆ ಊರಿನ ಪ್ರಾಥಮಿಕ ಶಾಲೆ 2012ರಲ್ಲಿ ಮುಚ್ಚಿತು. ಕೊನೆಗೆ ಉಳಿದಿದ್ದವರು ಇಬ್ಬರೇ ವಿದ್ಯಾರ್ಥಿಗಳು. ಈಗ ಆ ತರಗತಿಯ ಬೆಂಚುಗಳಲ್ಲಿ ಗೊಂಬೆಗಳು ಕೂತಿವೆ, ಹಲಗೆಯ ಮುಂದೆ ಮೇಷ್ಟರ ಗೊಂಬೆ ನಿಂತಿದೆ. ಆ ಇಬ್ಬರು ಮಕ್ಕಳ ಗೊಂಬೆಗಳೂ ಅಲ್ಲಿವೆ. ನೋಡಲು ದೂರದೂರದಿಂದ ಪ್ರವಾಸಿಗರು ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಎಲ್ಲ ಶಿಸ್ತಾಗಿದೆ. ಗಲಾಟೆಯಿಲ್ಲ, ತಡವಾಗಿ ಬರುವವರಿಲ್ಲ, ಲೆಕ್ಕ ತಪ್ಪಿಸುವವರಿಲ್ಲ. ಪಾಠ ಮಾಡಿದ ಯಾವ ಮೇಷ್ಟರಿಗಾದರೂ ಆ ಚಿತ್ರ ನೋಡಿದರೆ ಎದೆಯಲ್ಲಿ ಏನೋ ಕಳಕ್ ಎನ್ನುತ್ತದೆ. ಹಿಂದಿನ ಬೆಂಚಿನ ಗಲಾಟೆ ನಿಲ್ಲಲಿ ಎಂದು ಎಷ್ಟೋ ಸಲ ಬಯಸಿದ್ದುಂಟು. ಹೀಗೆ ನಿಲ್ಲಲೆಂದು ಅಲ್ಲ.

ಒಂದು ಊರಿಗೆ ಹೊರಗಿನವರು ಬಂದು ಮನೆ ಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಹಲವು ದೇಶಗಳಲ್ಲಿದೆ. ಕೊಂಡವರು ಬೀಗ ಹಾಕಿ ಹೋದರೆ ಊರಿಗೆ ಇನ್ನೊಂದು ಗೊಂಬೆ ಸೇರಿದಂತೆ. ಚೆಂದದ ಬಣ್ಣ, ಹೊಸ ಕಿಟಕಿ, ಒಳಗೆ ಯಾರೂ ಇಲ್ಲ. ಕೊಂಡವರು ಒಲೆ ಹೊತ್ತಿಸಿ, ನೆರೆಯವರ ಬಾಗಿಲು ತಟ್ಟಿ, ಹುಲ್ಲು ಕೊಯ್ಯುವ ದಿನ ಕತ್ತಿ ಹಿಡಿದು ಬಂದರೆ ಮಾತು ಬೇರೆ.

ಕೆರ್ ಈ ವ್ಯತ್ಯಾಸವನ್ನು ಕಾಲಕ್ರಮದಲ್ಲಿ ಕಂಡುಕೊಂಡರು. 2005ರಲ್ಲಿ ಚೀಯೋರಿಯ ಹೆಸರಿನಲ್ಲೇ ಒಂದು ಲಾಭರಹಿತ ಸಂಸ್ಥೆ ರೂಪುಗೊಂಡಿತು. 2012ರಲ್ಲಿ ಮನೆಯ ದೊಡ್ಡ ದುರಸ್ತಿಯಾಗಿ, ಮಾಡಿಗೆ ಹೊಸ ಹುಲ್ಲು ಬಂತು. ಕರಿಯ ನೆಲ ಹಾಗೆಯೇ ಉಳಿಯಿತು. ಅದರ ಕೆಳಗೆ ಚಳಿ ತಡೆಯುವ ಪದರ, ನೆಲ ಬೆಚ್ಚಗಾಗಿಸುವ ವ್ಯವಸ್ಥೆ, ಜೊತೆಗೆ ಒಳ್ಳೆಯ ಬಚ್ಚಲು, ಅಡುಗೆಮನೆ ಬಂದವು. ಹಳೆಯದನ್ನು ಉಳಿಸಬೇಕೆಂದು ಅತಿಥಿಗಳನ್ನು ಚಳಿಯಲ್ಲಿ ನಡುಗಿಸಬೇಕಾಗಿಲ್ಲ ಎಂಬುದು ಅವರು ಕಲಿತ ಪಾಠ. ದಿನಚರಿ ಬರೆದ ಹುಡುಗಿಗೆ ಆ ಮನೆ ಕೊಡಲಾಗದಿದ್ದ ಬೆಚ್ಚನೆಯನ್ನು ಈಗ ಬಂದವರಿಗೆ ಕೊಡಬೇಕಾಯಿತು. ಮನೆ ತಂಗುವವರಿಗೆ ತೆರೆಯಿತು. ಪಕ್ಕದ ಓಚಿಯಾಯಿ ಕೇರಿಯಲ್ಲೂ ಮಿಯೋಶಿ ನಗರಾಡಳಿತ ಹಳೆಯ ಹುಲ್ಲುಮಾಡಿನ ಮನೆಗಳನ್ನು ದುರಸ್ತಿಗೊಳಿಸಿತು. ಆ ಕೆಲಸದಲ್ಲೂ ಕೆರ್ ಕೈ ಇತ್ತು. ಇದರಿಂದ ಕಣಿವೆ ತುಂಬಿತೆಂದು ಹೇಳಲಾಗದು. ಶಾಲೆ ಮತ್ತೆ ತೆರೆದಿಲ್ಲ. ಆದರೆ ಒಂದಷ್ಟು ಒಲೆಗಳು ಹೊತ್ತಿಕೊಂಡವು.

ಕೊನೆಗೆ ಮತ್ತೆ ಆ ರಾಗಿಯ ಮಾತು. ಸಸ್ಯಶಾಸ್ತ್ರಜ್ಞರು ಹೇಳುವಂತೆ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು, ಮುಂದೆ ಜಪಾನಿನವರೆಗೂ ಹೋಯಿತು. ಕನ್ನಡ ನಾಡಿನಲ್ಲಿ ಅದನ್ನು ಪರದೇಶಿ ಎನ್ನುವವರು ಯಾರೂ ಇಲ್ಲ. ಶಿಕೊಕುವಿನಲ್ಲಂತೂ ಅದಕ್ಕೆ ದ್ವೀಪದ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ. ವರ್ಷವರ್ಷವೂ ಬಿತ್ತಿದರು, ಕಳೆ ಕಿತ್ತರು, ಕೊಯ್ದರು, ಉಂಡರು. ಹಾಗೆಯೇ ಅದು ಊರಿನದಾಯಿತು.

ಓದಿಗಾಗಿ, ಕೆಲಸಕ್ಕಾಗಿ ಮಕ್ಕಳು ಹೊರಡುವುದನ್ನು ಯಾರೂ ತಡೆಯಲಾರರು; ತಡೆಯಲೂಬಾರದು. ಆ ದಿನಚರಿಯ ಹುಡುಗಿಗೆ ಹೋಗುವ ಹಕ್ಕಿತ್ತು. ಹೋದವರು ಎಂದಾದರೂ ಎಲ್ಲಿಯಾದರೂ ಮನೆ ಕೊಳ್ಳುತ್ತಾರೆ, ಎರಡನೆಯದನ್ನೂ ಕೊಂಡಾರು. ಅಂಥ ದಿನ ಬಂದಾಗ ಬೆಲೆಯೆಷ್ಟು ಎಂದು ಕೇಳುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ಈ ಮನೆಯಲ್ಲಿ ಕೊನೆಯ ಸಲ ಒಲೆ ಹೊತ್ತಿಸಿದವರು ಯಾರು, ಮುಂದೆ ಹೊತ್ತಿಸುವವರು ಯಾರು? ಹಿಂದೆ ಬಿಟ್ಟುಬಂದ ಮನೆಯ ಬಗ್ಗೆಯೂ ಅದೇ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಅಲ್ಲಿ ಈಗಲೂ ಒಲೆ ಉರಿಯುತ್ತಿದ್ದರೆ, ಉರಿಸುತ್ತಿರುವವರಿಗೆ ವಯಸ್ಸಾಗಿರುತ್ತದೆ.